ಆ ಮನೆಯ ಬ್ರೆಡ್ಡನ್ನು ತೂಗಿ ನೋಡು

ಪ್ರೀತಿಯ ತಂಗಿ,

ಎರಡನೆಯ ಮಹಾಯುದ್ಧದಲ್ಲಿ ವಿಮಾನ ಬಿದ್ದು ಬದುಕುಳಿದ ಬ್ರಿಟಿಷ್ ವೈಮಾನಿಕನನ್ನು ಬ್ರಸೆಲ್ಸಿನ ಮನೆಯೊಂದು ಬಚ್ಚಿಡುವ ನಿನ್ನ ಚಿತ್ರಕಥೆಯನ್ನು ಎರಡು ಸಲ ಓದಿದೆ. ಜೊತೆಗಿಟ್ಟ ಕಾಗದವನ್ನೂ ಓದಿದೆ. "ಬ್ರಸೆಲ್ಸಿನ ಕಥೆ ಬರೆಯಲು ನಾನ್ಯಾರು, ಇನ್ನು ಈ ಸಹವಾಸವೇ ಬೇಡ" ಎಂದಿದ್ದೀಯ. ಹನ್ನೊಂದನೆಯ ದೃಶ್ಯ ಬರೆದವಳು ಹಾಗೆಲ್ಲ ಎದ್ದು ಹೋಗುವಂತಿಲ್ಲ. ಕದ ತೆರೆದ ಹೆಂಗಸು ಆ ವೈಮಾನಿಕನ ಮುಖಕ್ಕಿಂತ ಮೊದಲು ಅವನ ಕಾಲು ನೋಡುತ್ತಾಳಲ್ಲ, ಅಲ್ಲಿ ನೀನು ಮನೆಯೊಳಗೇ ಇದ್ದೀಯ. ಉಳಿದ ಕಡೆ ಬೀದಿಯಲ್ಲಿ ನಿಂತು ಕಿಟಕಿಯಲ್ಲಿ ಇಣುಕಿದ್ದೀಯ.

ದೃಶ್ಯಕ್ಕೆ ಎಷ್ಟು ಪುಟ, ಮಧ್ಯಂತರ ಎಲ್ಲಿ ಎಂಬುದನ್ನೆಲ್ಲ ಯಾರನ್ನು ಕೇಳಿದರೂ ಹೇಳಿಕೊಡುತ್ತಾರೆ. ನಾನು ಹೇಳುವುದು ಒಂದೇ ಮಾತು. ಅವನನ್ನು ಬಚ್ಚಿಟ್ಟುಕೊಂಡಿದ್ದಕ್ಕೆ ಆ ಮನೆಗೆ ಏನೇನು ಖರ್ಚಾಯಿತೋ ಆ ಲೆಕ್ಕದಲ್ಲಿ ಸುಳ್ಳು ಬರೆಯಬೇಡ.

ಬ್ರೆಡ್ಡಿನಿಂದಲೇ ಶುರು ಮಾಡು. ಜರ್ಮನರ ಕೈಯಲ್ಲಿದ್ದ ಬೆಲ್ಜಿಯಂನಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 225 ಗ್ರಾಂ ಬ್ರೆಡ್ಡು, ಅದೂ ರೇಷನ್ ಚೀಟಿಗೆ. ನಿನ್ನ ಮನೆಯಲ್ಲಿ ನಾಲ್ಕು ಜನ, ಒಟ್ಟು 900 ಗ್ರಾಂ. ಚೀಟಿಯಿಲ್ಲದ ಐದನೆಯವನು ಬಂದು ಕೂತರೆ ತಲಾ 180. ಪ್ರತಿಯೊಬ್ಬರ ತಟ್ಟೆಯಿಂದ 45 ಗ್ರಾಂ ಎದ್ದು ಹೋಯಿತು. ಅವನೋ ಇಪ್ಪತ್ತೆರಡರ ಆಳೆತ್ತರದ ಹುಡುಗ, ನಾಲ್ಕು ದಿನ ಹೊಲದಲ್ಲಿ ಅಡಗಿ ಬಂದವನು. ನೀನು ಬರೆದಿರುವುದು ಹಬೆಯಾಡುವ ಸೂಪು, ಬುಟ್ಟಿ ತುಂಬ ಬ್ರೆಡ್ಡು, ನಗುವ ಗೃಹಿಣಿ. ಇಂಥ ಸಿನಿಮಾಗಳ ಮೇಲೆ ನನಗಿರುವ ಹಳೇ ಸಿಟ್ಟೇ ಇದು. ಆ ಹೆಂಗಸು ಎರಡು ನಿಮಿಷ ದೀಪ ಹಿಡಿದು ನಿಲ್ಲುತ್ತಾಳೆ, ಬಡಿಸುತ್ತಾಳೆ, ಮಾಯವಾಗುತ್ತಾಳೆ. ಅವಳು ಆ ಬ್ರೆಡ್ಡನ್ನು ತಂದದ್ದೆಲ್ಲಿಂದ? ಕಾಳಸಂತೆಯಿಂದ ತಂದರೆ ಏನನ್ನು ಮಾರಿದಳು? ಅಂಗಡಿಯವನು ನಾಲ್ಕು ಜನಕ್ಕೆ ಇಷ್ಟೇಕೆ ಎಂದು ಕೇಳಲಿಲ್ಲವೇ? ಮನೆಯ ಚಿಕ್ಕ ಹುಡುಗಿ ತನ್ನ ಚೂರು ಸಣ್ಣದಾದದ್ದನ್ನು ಶಾಲೆಯಲ್ಲಿ ಹೇಳಿದರೆ ಗತಿಯೇನು? ನಿನ್ನ ಮಧ್ಯಂತರ ಅಲ್ಲೇ ಇದೆ ಮಾರಾಯ್ತಿ, ಕಾಣಲಿಲ್ಲವಾ?

ಇನ್ನು ಬೂಟು. ನಿನ್ನ ಕಥೆ 1942ರ ನವೆಂಬರಿನಲ್ಲಿ ನಡೆಯುತ್ತದೆ. ವೈಮಾನಿಕ ಬೂಟಿನ ಮೇಲ್ಭಾಗವನ್ನು ಚಾಕುವಿನಿಂದ ಕೊಯ್ದು ಸಾದಾ ಷೂ ಮಾಡಿಕೊಳ್ಳುತ್ತಾನೆ. ಆ ಬಗೆಯ ಬೂಟು ಬ್ರಿಟಿಷ್ ವಾಯುಪಡೆಗೆ ಬಂದದ್ದು 1943ರಲ್ಲಿ. ಅದಕ್ಕೆ ಮುಂಚಿನವು ಕುರಿತುಪ್ಪಳದ ಒಳಪದರದ ಸಡಿಲ ಬೂಟುಗಳು, ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಜಗ್ಗಿಗೆ ಕಾಲಿನಿಂದ ಕಳಚಿ ಬೀಳುತ್ತಿದ್ದವು. ಅಂದರೆ ನಿನ್ನ ಹೆಂಗಸು ನೋಡುವ ಕಾಲಿನಲ್ಲಿ ಒಂದೇ ಬೂಟಿರಲಿ, ಇನ್ನೊಂದರಲ್ಲಿ ಹರಿದ ಕಾಲುಚೀಲ. ಆಮೇಲೆ ಅವನ ಅಳತೆಯ ಷೂ ಹುಡುಕುವ ಪಾಡು. ಚರ್ಮಕ್ಕೆ ಬರ, ಊರಿಗೆ ಊರೇ ಮರದ ಅಟ್ಟೆ ಮೆಟ್ಟಿ ನಡೆಯುತ್ತಿದ್ದ ಕಾಲ ಅದು.

ಸಮವಸ್ತ್ರ ಸುಡುವುದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ದಪ್ಪ ಉಣ್ಣೆ ಭಗ್ಗನೆ ಉರಿಯುವುದಿಲ್ಲ; ಕರಟುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಅದು ಮೆಟ್ಟಿಲಿಳಿದು ನೆರೆಮನೆಗೂ ಹೋಗುತ್ತದೆ. ಅದಕ್ಕೆ ಅವಳು ಕತ್ತರಿಯಿಂದ ಅಂಗೈಯಗಲದ ತುಂಡು ಮಾಡಿ ಒಂದೊಂದಾಗಿ ಒಲೆಗೆ ಹಾಕಬೇಕು. ಕಲ್ಲಿದ್ದಲಿಗೂ ರೇಷನ್ನು. ಬೆಳಿಗ್ಗೆ ಬೂದಿ ತೆಗೆಯುವಾಗ ಬಕಲ್ಲು ಸಿಗುತ್ತದೆ, ಕಪ್ಪಾಗಿ, ಆಕಾರ ಕೆಡದೆ. ಬೂದಿಯ ಡಬ್ಬ ಬೀದಿಗೆ ಹೋಗುವ ಮೊದಲು ಅವಳು ಅದನ್ನು ಬೆರಳಲ್ಲಿ ಜಾಲಾಡಬೇಕು. ಕ್ಯಾಮೆರಾ ಆ ಬೆರಳುಗಳನ್ನು ಬಿಟ್ಟು ಕದಲಬಾರದು.

ಗುರುತಿನ ಬಿಲ್ಲೆಯನ್ನು ಮಾತ್ರ ಎಸೆಯಿಸಬೇಡ. ಸಾದಾ ಬಟ್ಟೆಯಲ್ಲಿ ಸಿಕ್ಕಿಬಿದ್ದವನು ತಾನು ಸೈನಿಕ ಎಂದು ತೋರಿಸಲು ಅದೊಂದೇ ಆಧಾರ, ತೋರಿಸಿದರೆ ಯುದ್ಧಕೈದಿ ಎನಿಸಿಕೊಳ್ಳುವ ಆಸೆ. ಮನೆಯವರಿಗೆ ಅಂಥ ಆಸೆ ಯಾವುದೂ ಇಲ್ಲ. 1941ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಗೋಡೆಗಳಿಗೆ ಅಂಟಿಸಿದ ಜರ್ಮನ್ ಪ್ರಕಟಣೆ ಬಿಡಿಸಿ ಹೇಳಿತ್ತು: ಇಂಥ ವೈಮಾನಿಕರಿಗೆ ನೆರವಾದ ಗಂಡಸಿಗೆ ಗುಂಡು, ಹೆಂಗಸಿಗೆ ಯಾತನಾ ಶಿಬಿರ, ಹಿಡಿದುಕೊಟ್ಟವರಿಗೆ 10,000 ಫ್ರಾಂಕುಗಳವರೆಗೆ ಬಹುಮಾನ. ಒಂದೇ ಸೂರಿನಡಿ ಎರಡು ಬಗೆಯ ಶಿಕ್ಷೆ. ನಿನ್ನ ಹುಡುಗನಿಗೆ ಇದು ಯಾವಾಗ ತಿಳಿಯುತ್ತದೆ? ಇಡೀ ಚಿತ್ರಕಥೆಯಲ್ಲಿ ಅವನು ಒಮ್ಮೆಯೂ ಕೇಳುವುದಿಲ್ಲ, ನನಗೆ ಬೇಸರವಾಯಿತು.

ಬಂದವನನ್ನು ಮನೆಯವರು ಅಷ್ಟು ಬೇಗ ನಂಬಿದ್ದೂ ತಪ್ಪು. ಅದೇ ನವೆಂಬರಿನಲ್ಲಿ ಬ್ರಸೆಲ್ಸಿನ ಒಂದು ಮನೆಗೆ ಅಮೆರಿಕನ್ ವೈಮಾನಿಕರೆಂದು ಬಂದ ಇಬ್ಬರು ಜರ್ಮನರ ಕಡೆಯವರಾಗಿದ್ದರು. ಮನೆಯವರು ಸೆರೆಯಾದರು, ಅಪ್ಪನನ್ನು ಮುಂದೆ ಗುಂಡಿಟ್ಟು ಕೊಂದರು. ಹಾಗಾಗಿ ಪ್ರಶ್ನೆಗಳು ಬೇಕು: ಯಾವ ಸ್ಕ್ವಾಡ್ರನ್, ಯಾವ ವಿಮಾನ, ಜೊತೆಗಿದ್ದವರು ಯಾರು. ಹಸಿದವನಿಗೆ ಬ್ರೆಡ್ಡು ಸಿಗುವುದು ಉತ್ತರ ಸರಿಯಿದ್ದ ಮೇಲೆ.

ಚಿತ್ರಕಥೆ ಕನ್ನಡದಲ್ಲಿದೆ ಎಂದು ಎಲ್ಲರಿಗೂ ಎಲ್ಲರ ಮಾತು ಅರ್ಥವಾಗಬಾರದು. ಇಪ್ಪತ್ತನೆಯ ದೃಶ್ಯದಲ್ಲಿ ಅವನೂ ಅವಳೂ ನಾಲ್ಕು ಪುಟ ಸ್ವಾತಂತ್ರ್ಯದ ಬಗ್ಗೆ ಮಾತಾಡುತ್ತಾರೆ. ಯಾವ ಭಾಷೆಯಲ್ಲಿ? ಮನೆಯವರ ಫ್ರೆಂಚನ್ನು ಕನ್ನಡವಾಗಿಸು, ಅವನ ಇಂಗ್ಲಿಷನ್ನು ಹಾಗೆಯೇ ಬಿಡು. ಆ ನಾಲ್ಕು ಪುಟ ತಾವಾಗಿ ಉದುರಿಹೋಗುತ್ತವೆ.

ಅವನು ಫ್ರಾನ್ಸಿನಿಂದ ಸ್ಪೇನಿಗೆ ದಾಟುವ ಪಿರನೀಸ್ ಬೆಟ್ಟದ ಮೂವತ್ತು ಪುಟಗಳನ್ನು ಹತ್ತಕ್ಕೆ ಇಳಿಸು. ಹಗ್ಗದ ಅಟ್ಟೆಯ ಮೆಟ್ಟು, ಕತ್ತಲು, ಗಡಿಯಲ್ಲಿ ಉಕ್ಕಿದ ಬಿದಾಸೋವಾ ಹೊಳೆ ಸಾಕು. ವೈಮಾನಿಕರನ್ನು ಗುಟ್ಟಾಗಿ ಸ್ಪೇನಿಗೆ ದಾಟಿಸುವ ದಾರಿ ಕಟ್ಟಿದ ಬೆಲ್ಜಿಯಂನ ಆಂಡ್ರೆ ಡಿ ಯೋಂಗ್ ಬಾಯಲ್ಲಿ ಆ ಭಾಷಣವಂತೂ ಬೇಡವೇ ಬೇಡ. ಇಪ್ಪತ್ನಾಲ್ಕರ ಆ ಹುಡುಗಿ 1941ರ ಆಗಸ್ಟಿನಲ್ಲಿ ಒಬ್ಬ ಬ್ರಿಟಿಷ್ ಸೈನಿಕನನ್ನೂ ಇಬ್ಬರು ಬೆಲ್ಜಿಯನ್ನರನ್ನೂ ಬೆಟ್ಟ ದಾಟಿಸಿ ಸ್ಪೇನಿನ ಬಿಲ್ಬಾವೊದ ಬ್ರಿಟಿಷ್ ಕಾನ್ಸುಲೇಟಿಗೆ ಹೋದಳು. ಇನ್ನಷ್ಟು ಜನರನ್ನು ತರುತ್ತೇನೆ, ದಾರಿಖರ್ಚು, ದಾರಿ ತೋರಿಸುವವನ ಕೂಲಿ ಕೊಡಿ ಎಂದು ಕೇಳಿದಳು. ಅವಳ ಮಾತನ್ನು ಅಷ್ಟಕ್ಕೇ ನಿಲ್ಲಿಸು.

ಮುಂದಿನ ಪ್ರತಿ ಕಳಿಸುವಾಗ ಆ ಮನೆಯ ಒಂದು ವಾರದ ರೇಷನ್ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡು, ಗ್ರಾಮಿನಲ್ಲಿ, ಒಬ್ಬೊಬ್ಬರದೂ. ಚಿಕ್ಕ ಹುಡುಗಿಯ ಪಾಲನ್ನು ಯಾರು ತುಂಬಿಕೊಟ್ಟರು ಎಂದು ನಾನು ನೋಡಬೇಕು. ಹನ್ನೊಂದನೆಯ ದೃಶ್ಯದಲ್ಲಿ ಆ ಒಂದು ಬೂಟು ಬಿಟ್ಟು ಬೇರೇನನ್ನೂ ಮುಟ್ಟಬೇಡ.

ನಿನ್ನ ಅಕ್ಕ