ನೀನು ಗೀಟು ಎಳೆದ ಸಾಲು

ಮಗೂ,

ನಿನ್ನ ಪತ್ರದ ಮೂರನೆಯ ಪುಟದಲ್ಲಿ ನಿನ್ನ ಕಕ್ಷಿದಾರಳ ಬಗ್ಗೆ ಒಂದು ಸಾಲು ಬರೆದು, ಮೇಲೆ ಗೀಟು ಎಳೆದಿದ್ದೀಯೆ. ಆದರೂ ಓದಲು ಬರುತ್ತದೆ: ‘ನಾನು ಒತ್ತಾಯಿಸದಿದ್ದರೆ ಆಕೆ ದೂರು ಕೊಡುತ್ತಲೇ ಇರಲಿಲ್ಲ, ಮಾವ.’ ಉಳಿದದ್ದಕ್ಕೆಲ್ಲ ನಿನ್ನ ಅಮ್ಮ ಉತ್ತರ ಬರೆಯುತ್ತಾಳೆ. ನನಗೆ ಆ ಸಾಲು ಎರಡು ರಾತ್ರಿ ನಿದ್ದೆ ಕೊಟ್ಟಿಲ್ಲ.

ಸಮಾಧಾನ ಹೇಳೋಣವೆಂದು ಕುಳಿತರೆ ನನ್ನದೇ ಹಳೆಯ ಕಡತ ಕಣ್ಣ ಮುಂದೆ ಬರುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ದೆಹಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸದ, ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1982ರಲ್ಲಿ. ಆಗ ನನ್ನ ಕರಿಕೋಟು ಇನ್ನೂ ಹೊಸದು. ತೀರ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಕಲ್ಲು ಕ್ವಾರಿಗೆ ಹೋದೆ. ವಕಾಲತ್ತಿಗೆ ಹೆಬ್ಬೆಟ್ಟು ಒತ್ತುವ ಮೊದಲು ಅಲ್ಲಿನ ಕೂಲಿಯವನು ಕೇಳಿದ್ದು ಒಂದೇ: ‘ಕೊನೆಯ ಬಸ್ ಎಷ್ಟು ಹೊತ್ತಿಗೆ, ಸ್ವಾಮಿ?’ ನಾನು ಹೊತ್ತು ಹೇಳಿದೆ. ನನ್ನ ಮೇಲಿನ ಕಾಳಜಿ ಎಂದುಕೊಂಡಿದ್ದೆ. ರಾತ್ರಿ ತನ್ನ ಪಕ್ಕದಲ್ಲಿ ಯಾರಿರುತ್ತಾರೆಂದು ಅವನು ಕೇಳುತ್ತಿದ್ದ.

ಗೆದ್ದೆವು. ಆದೇಶ ಬರುವ ಹೊತ್ತಿಗೆ ಅವನ ಗುಡಿಸಲು ಖಾಲಿಯಾಗಿತ್ತು; ಎಲ್ಲಿಗೆ ಹೋದರೆಂದು ಯಾರೂ ಬಾಯಿ ಬಿಡಲಿಲ್ಲ. ಬಾಕಿ ಕೂಲಿ ಪಡೆಯಲು ಜನರೇ ಇರಲಿಲ್ಲ. ಆ ಗೆಲುವನ್ನು ಎಷ್ಟೋ ಸಭೆಗಳಲ್ಲಿ ಕಿರಿಯ ವಕೀಲರಿಗೆ ಹೇಳಿಕೊಂಡಿದ್ದೇನೆ. ಗುಡಿಸಲಿನ ಮಾತನ್ನು ಒಂದರಲ್ಲೂ ಎತ್ತಿಲ್ಲ. ಒಮ್ಮೆ ನೀನೂ ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಆ ಅರ್ಧ ಕಥೆ ಕೇಳಿಯೇ ಈ ದಾರಿ ಹಿಡಿದೆಯಾ? ನೀನು ಆಕೆಯನ್ನು ಒತ್ತಾಯಿಸಿದ್ದರೆ, ನಿನ್ನನ್ನು ಒತ್ತಾಯಿಸಿದವನು ನಾನು.

ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಕ್ಷಮಿಸು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಮನ್ನು ಇನ್ನೊಮ್ಮೆ ಓದು. ಸಂತ್ರಸ್ತರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ; ವಿಚಾರಣೆಗೆ ಬಂದು ಹೋಗುವ ಖರ್ಚೂ ಅದರದೇ. ಆರೋಪಿಯ ಜಾಮೀನು ಅರ್ಜಿಯ ಮೇಲೆ ಮಾತನಾಡುವ ಹಕ್ಕು ಆಕೆಗಿದೆ. ಊರವರು ಬಹಿಷ್ಕಾರ ಹಾಕಿದ್ದಾರೆ ಎಂದು ಬರೆದಿದ್ದೀಯಲ್ಲ, ಅದು ಬೇರೆಯದೇ ಅಪರಾಧ. ಅದಕ್ಕೂ ದೂರು ಕೊಡಬಹುದು. ನೋಡು, ಮತ್ತೆ ‘ದೂರು ಕೊಡಬಹುದು’ ಎಂದೇ ಬರೆದೆ. ಕೈಗೆ ಅಂಟಿದ ಅಭ್ಯಾಸ. ಕೊಡಬೇಕೋ ಬೇಡವೋ ಎಂದು ಆಕೆಯೇ ಹೇಳಲಿ. ಕೇಳಿದ ದಿನವೇ ಸಹಿ ಮಾಡಿಸಬೇಡ. ಒಂದು ರಾತ್ರಿ ಕಳೆಯಲಿ. ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡ.

ಇದರಿಂದ ನಿನ್ನ ಭಯ ಹೋಗುತ್ತದೆಯೇ ಎಂದರೆ, ಇಲ್ಲ. ನನ್ನದು ಹೋಗಿಲ್ಲ. ಆ ಭಯ ಇಲ್ಲದ ಸೀನಿಯರ್‌ಗಳನ್ನೂ ಕಂಡಿದ್ದೇನೆ. ಅವರ ಕಚೇರಿಗೆ ನಿನ್ನನ್ನು ಕಳಿಸಲು ನನಗೆ ಮನಸ್ಸಾಗಿರಲಿಲ್ಲ.

ಭಾನುವಾರ ಆಕೆಯ ಮನೆಗೆ ಹೋಗುತ್ತೇನೆ ಎಂದಿದ್ದೀಯೆ. ವಾಯಿದೆ ಇಲ್ಲದ ದಿನ ಹೋಗುವುದು ಒಳ್ಳೆಯದು. ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಹೋಗಬೇಡ. ಬದಲಿ ಬಟ್ಟೆ ಚೀಲದಲ್ಲಿರಲಿ.

ನಿನ್ನ ಸೋದರಮಾವ