‘ಬರೀ ಕಪ್ಪು ಜನರ ಸೀರಿಯಲ್’ ಅಂತ ಹಾಕಿದ್ರಲ್ಲ, ಅದರ ಬಗ್ಗೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಟೀವಿ ಪುಟದ ಮೂಲೆಯಲ್ಲಿ ‘ಬಿಯಾಂಡ್ ದಿ ಗೇಟ್ಸ್’ ಬಗ್ಗೆ ನಾಲ್ಕು ಸಾಲಿನ ಸುದ್ದಿ ಇತ್ತು, ಅಮೆರಿಕದಲ್ಲಿ ‘ಬರೀ ಕಪ್ಪು ಜನರ ಸೀರಿಯಲ್’ ಬರ್ತಿದೆ ಅಂತ. ಸುದ್ದಿ ಸಣ್ಣದೇ ಬಿಡಿ, ಆದ್ರೆ ಆ ‘ಬರೀ’ ನನ್ನ ತಲೇಲಿ ಕೂತುಬಿಡ್ತು. ಯಾಕಂದ್ರೆ ಅದನ್ನ ನಾನು ದಿನಾ ನೋಡ್ದೋಳು. 2025ರಲ್ಲಿ ಮಗಳ ಬಾಣಂತನಕ್ಕೆ ಅಂತ ಐದು ತಿಂಗಳು ನ್ಯೂಜೆರ್ಸಿಲಿದ್ದೆ. ಅಲ್ಲಿ ನಮ್ಮಂಥೋರಿಗೆ ಕಾರು ಓಡ್ಸೋಕೆ ಬರಲ್ಲ, ಪಕ್ಕದ ಮನೆಗೆ ಹೋಗಿ ಕೂರೋ ಹಾಗಿಲ್ಲ, ಮಗೂನ ಮಲಗಿಸಿ ಟೀವಿ ಸೌಂಡು ಕಮ್ಮಿ ಮಾಡಿ ಕೂತ್ರೆ ಹನ್ನೆರಡೂವರೆಗೆ ಒಂದು ಸೀರಿಯಲ್ಲು, ಒಂದೂವರೆಗೆ ಇನ್ನೊಂದು, ಎರಡು ಗಂಟೆಗೆ ಇದು. ಅವರ ಇಂಗ್ಲಿಷ್ ಸ್ಪೀಡು ನನಗೆ ಹಿಡಿಯೋಕಾಗದೆ ಕೆಳಗಡೆ ಅಕ್ಷರ ಹಾಕ್ಕೊಂಡು ಓದ್ತಾ ಓದ್ತಾ ನೋಡ್ತಿದ್ದೆ.

ಕಥೆ ನಮ್ಮ ಸಂಜೆ ಸೀರಿಯಲ್‌ಗಿಂತ ಬೇರೆ ಏನಲ್ಲ. ವಾಷಿಂಗ್ಟನ್ ಹತ್ರದ ಮೇರಿಲ್ಯಾಂಡ್‌ನಲ್ಲಿ ಶ್ರೀಮಂತರ ಬಡಾವಣೆ, ಅಲ್ಲಿ ಡುಪ್ರೀ ಅಂತ ಮನೆತನ, ಅಪ್ಪ ರಿಟೈರ್ ಆದ ಸೆನೆಟರ್, ಅಮ್ಮ ಒಂದು ಕಾಲದ ದೊಡ್ಡ ಗಾಯಕಿ, ಇಬ್ರು ಹೆಣ್ಣುಮಕ್ಕಳು, ಒಬ್ಬಳ ಗಂಡ ಅವಳನ್ನ ಬಿಟ್ಟು ತಮ್ಮ ಸ್ವಂತ ಮಗಳ ಗೆಳತಿಯನ್ನೇ ಮದುವೆ ಆಗೋಕೆ ಹೊರಡ್ತಾನೆ. ಒಡವೆ, ಪಾರ್ಟಿ, ಕಪಾಳಮೋಕ್ಷ ಎಲ್ಲಾ ಇದೆ. ಬಿಳಿ ಜನಾನೂ ಇದ್ದಾರೆ, ನಿಮ್ಮ ಸುದ್ದಿಯಲ್ಲಿ ಅದು ಇರಲಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಮನೆ ಕಪ್ಪು ಜನರದ್ದು, ಬಿಳಿಯರು ಬಂದು ಹೋಗೋರು.

ಹಾಗಾದ್ರೆ ಮಿಕ್ಕ ಅಮೆರಿಕದ ಸೀರಿಯಲ್ಲು? 1990ರ ದಶಕದಲ್ಲಿ ಕೇಬಲ್ ಬಂದ ಹೊಸದ್ರಲ್ಲಿ ಸ್ಟಾರ್ ಚಾನೆಲ್‌ನಲ್ಲಿ ‘ಸಾಂಟಾ ಬಾರ್ಬರಾ’, ‘ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್’ ಬರ್ತಿತ್ತು, ನಿಮಗೂ ನೆನಪಿರಬಹುದು. ಮಕ್ಕಳು ರೂಮಿಗೆ ಬಂದ್ರೆ ಚಾನೆಲ್ ಬದಲಾಯಿಸ್ತಾ ನೋಡ್ತಿದ್ವಿ. ಅಮೆರಿಕ ಅಂದ್ರೆ ಹೀಗೆ, ಎಲ್ಲಾ ಬಂಗಾರದ ಕೂದಲಿನೋರೇ ಅಂದ್ಕೊಂಡಿದ್ದೆ ನಾನು. ಅದನ್ನ ಯಾರೂ ‘ಬರೀ ಬಿಳಿಯರ ಸೀರಿಯಲ್’ ಅಂತ ಕರೀಲಿಲ್ಲ ಸಂಪಾದಕರೇ, ಬರೀ ‘ಸೀರಿಯಲ್’ ಅಂದ್ರು.

ಅಲ್ಲಿದ್ದಾಗ ಮಗಳ ಲೈಬ್ರರಿ ಕಾರ್ಡು ಹಿಡ್ಕೊಂಡು ಸ್ವಲ್ಪ ಓದಿದೆ, ಅದನ್ನ ಹೇಳ್ಬೇಕು. 1966ರಲ್ಲಿ ‘ಗೈಡಿಂಗ್ ಲೈಟ್’ ಅನ್ನೋ ಹಳೇ ಸೀರಿಯಲ್ಲು ಒಬ್ಬ ಕಪ್ಪು ಡಾಕ್ಟರ್, ಅವನ ಹೆಂಡತಿ ಅಂತ ಎರಡು ಪಾತ್ರ ತಂತು. ಆ ಎರಡು ಪಾತ್ರ ಮಾಡಿದ್ದು ನಾಲ್ಕು ಜನ, ಜೇಮ್ಸ್ ಅರ್ಲ್ ಜೋನ್ಸ್, ಬಿಲ್ಲಿ ಡೀ ವಿಲಿಯಮ್ಸ್, ರೂಬಿ ಡೀ, ಸಿಸಿಲಿ ಟೈಸನ್. ಮುಂದೆ ದೊಡ್ಡ ಹೆಸರು ಮಾಡಿದೋರು ನಾಲ್ಕೂ ಜನ, ಎರಡು ಸಣ್ಣ ಪಾತ್ರದಲ್ಲಿ ಬಂದು ಹೋದ್ರು.

ನನಗೆ ತುಂಬಾ ಕಾಡಿದ್ದು ಎಲೆನ್ ಹಾಲಿ. ಆಕೆ ಕಪ್ಪು ಮನೆತನದೋರು, ಬಣ್ಣ ಮಾತ್ರ ತಿಳಿ. ಬಿಳಿ ಪಾತ್ರ ಯಾರೂ ಕೊಡಲ್ಲ, ಕಪ್ಪು ಪಾತ್ರಕ್ಕೆ ಹೋದ್ರೆ ನೀನು ಕಪ್ಪಾಗಿ ಕಾಣಲ್ಲ ಅಂತಾರೆ, ಇದನ್ನ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದ್ರು. ಅದನ್ನ ಓದಿ ಆಗ್ನೆಸ್ ನಿಕ್ಸನ್ ಅನ್ನೋ ಬರಹಗಾರ್ತಿ 1968ರಲ್ಲಿ ತಮ್ಮ ಹೊಸ ಸೀರಿಯಲ್ ‘ಒನ್ ಲೈಫ್ ಟು ಲಿವ್’ಗೆ ಕರೆದ್ರು. ಪಾತ್ರದ ಹೆಸರು ಕಾರ್ಲಾ, ತಾನು ಇಟಲಿ ಮೂಲದ ಬಿಳಿ ಹುಡುಗಿ ಅಂತ ನಂಬಿಸಿ ಒಬ್ಬ ಬಿಳಿ ಡಾಕ್ಟರ್ ಜೊತೆ ನಿಶ್ಚಯ ಮಾಡ್ಕೊಂಡಿರ್ತಾಳೆ, ಆದ್ರೆ ಮನಸ್ಸು ಒಬ್ಬ ಕಪ್ಪು ಡಾಕ್ಟರ್ ಕಡೆ ಹೋಗುತ್ತೆ. ನೋಡೋರಿಗೂ ಗುಟ್ಟು ಗೊತ್ತಿಲ್ಲ, ಆಮೇಲೆ ಆಸ್ಪತ್ರೆ ಕ್ಲೀನಿಂಗ್ ನೋಡ್ಕೊಳ್ಳೋ ಸೇಡಿ ಅನ್ನೋ ಕಪ್ಪು ಹೆಂಗಸು ಅವಳ ತಾಯಿ ಅಂತ ಗೊತ್ತಾಗುತ್ತೆ. ಅದಕ್ಕೆ ಮುಂಚೆ ಕಾರ್ಲಾ ಆ ಕಪ್ಪು ಡಾಕ್ಟರಿಗೆ ಮುತ್ತು ಕೊಟ್ಟಾಗ ಟೆಕ್ಸಾಸ್‌ನ ಒಂದು ಸ್ಟೇಷನ್ನು ಸೀರಿಯಲ್ಲನ್ನೇ ನಿಲ್ಲಿಸಿಬಿಡ್ತಂತೆ. ಮುತ್ತು ಕೊಟ್ಟೋಳು ಕಪ್ಪು, ತಗೊಂಡೋನೂ ಕಪ್ಪು! ಸಿಟ್ಟು ಬಂದಿದ್ದು ಏನು ನೋಡಿ ಅಂತ ಅವರೇ ಹೇಳ್ಬೇಕು.

ಜನ ಮುಗಿಬಿದ್ದು ನೋಡಿದ್ರು. ಆದ್ರೆ ಸೀರಿಯಲ್ಲಿಗೆ ಹೆಸರು ತಂದ ತನಗೆ, ತಾಯಿ ಪಾತ್ರದ ಲಿಲಿಯನ್ ಹೇಮನ್‌ಗೆ ಬಿಳಿ ನಟರಿಗಿಂತ ಕಮ್ಮಿ ಸಂಬಳ ಕೊಟ್ಟು ದುಡಿಸಿಕೊಂಡ್ರು ಅಂತ ಹಾಲಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1985ಕ್ಕೆ ಕೆಲಸ ಹೋಯ್ತು. ಆಮೇಲೆ ನ್ಯೂಯಾರ್ಕ್ ಹತ್ರದ ವೈಟ್ ಪ್ಲೇನ್ಸ್ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ವರ್ಷಗಟ್ಲೆ ಕೆಲಸ ಮಾಡಿದ್ರು. ಕೌಂಟರಿಗೆ ಪುಸ್ತಕ ತಂದ ಎಷ್ಟು ಜನ ಆ ಮುಖ ಗುರುತು ಹಿಡಿದ್ರೋ. 2023ರ ಡಿಸೆಂಬರ್‌ನಲ್ಲಿ ತೀರ್ಕೊಂಡ್ರು, 92 ವಯಸ್ಸಾಗಿತ್ತು.

ಅದು ಹಳೇ ಕಾಲ ಅಂತೀರಾ? 1977ರಲ್ಲಿ ‘ಡೇಸ್ ಆಫ್ ಅವರ್ ಲೈವ್ಸ್’ನಲ್ಲಿ ಟೀನಾ ಆಂಡ್ರ್ಯೂಸ್ ಅನ್ನೋ ನಟಿ ಮಾಡ್ತಿದ್ದ ಕಪ್ಪು ಹುಡುಗಿ ಪಾತ್ರಕ್ಕೂ ಬಿಳಿ ಹುಡುಗನಿಗೂ ಪ್ರೀತಿ ಬೆಳೀತಿದೆ ಅನ್ನೋವಾಗ ಬೈದು ಕಾಗದಗಳು ಬಂದ್ವು, ಕಥೆ ಅಲ್ಲಿಗೇ ಕಟ್. 1980ರ ದಶಕದ ಶುರುವಲ್ಲಿ ‘ಆಲ್ ಮೈ ಚಿಲ್ಡ್ರನ್’ನ ಆ್ಯಂಜಿ-ಜೆಸ್ಸಿ ಜೋಡಿನ ಎಲ್ಲಾ ಬಣ್ಣದ ಜನಾನೂ ತಲೆ ಮೇಲೆ ಹೊತ್ಕೊಂಡ್ರು, ಅಂದ್ರೆ ನೋಡೋರು ಇರಲಿಲ್ಲ ಅನ್ನೋ ಹಾಗೂ ಇಲ್ಲ. 1989ರಲ್ಲಿ ‘ಜನರೇಷನ್ಸ್’ ಅಂತ ಬಂತು, ಮೊದಲ ದಿನದಿಂದಲೇ ಕಪ್ಪು ಕುಟುಂಬನ ಕಥೆಯ ನಡುವೆ ಇಟ್ಟಿದ್ದು, ಎರಡು ವರ್ಷ ತುಂಬೋಕೆ ಮುಂಚೆ ಮುಚ್ಚಿದ್ರು.

ಪ್ರಶಸ್ತಿ ಲೆಕ್ಕ ಬೇಕಾದ್ರೆ, ಹಗಲು ಸೀರಿಯಲ್‌ಗಳ ಎಮ್ಮಿ ಅನ್ನೋ ಪ್ರಶಸ್ತಿಯಲ್ಲಿ ನಾಯಕ ನಟ ಅಂತ ಗೆದ್ದ ಮೊದಲ ಕಪ್ಪು ನಟ ಆಲ್ ಫ್ರೀಮನ್ ಜೂನಿಯರ್, 1979. ಎರಡನೆಯೋರು ಜೇಮ್ಸ್ ರೆನಾಲ್ಡ್ಸ್, 2018. ನಾಯಕಿ ಪ್ರಶಸ್ತಿ ಕಪ್ಪು ಹೆಣ್ಣುಮಗಳಿಗೆ ಸಿಕ್ಕಿದ್ದು 2022ರಲ್ಲಿ, ಮಿಶೇಲ್ ಮಾರ್ಗನ್‌ಗೆ. ಕಪ್ಪು ನಟರು ಇರಲಿಲ್ಲ ಅಂತಲ್ಲ, ರೆನಾಲ್ಡ್ಸ್ ತಮಗೆ ಪ್ರಶಸ್ತಿ ತಂದ ಪೊಲೀಸ್ ಪಾತ್ರನ 1981ರಿಂದ ಮಾಡ್ತಿದ್ರು. ಆದ್ರೆ ಬಿಳಿ ನಾಯಕಿ ಅತ್ತಾಗ ಸಮಾಧಾನ ಹೇಳೋ ಫ್ರೆಂಡು, ರಿಪೋರ್ಟ್ ಓದೋ ಡಾಕ್ಟ್ರು, ಇಂಥ ಪಾತ್ರದೋರು ಯಾವ ಪ್ರಶಸ್ತಿ ತಗೋತಾರೆ? ನಮ್ಮ ಸೀರಿಯಲ್‌ಗಳಲ್ಲೂ ಮನೆಕೆಲಸದ ಹೆಂಗಸಿಗೆ ಮಾತ್ರ ಉತ್ತರ ಕರ್ನಾಟಕದ ಮಾತು ಕೊಡ್ತಾರಲ್ಲ, ಧಾರವಾಡದ ನಮ್ಮ ಬೀಗರು ಅದಕ್ಕೇ ಟೀವಿ ಆಫ್ ಮಾಡ್ತಾರೆ.

ಕ್ಯಾಮೆರಾ ಹಿಂದಿನ ಕಥೆ ಇನ್ನೂ ಇದೆ. ‘ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್’ನಲ್ಲಿ ಡ್ರೂಸಿಲ್ಲಾ ಪಾತ್ರ ಮಾಡಿ ಹೆಸರಾಗಿದ್ದ ವಿಕ್ಟೋರಿಯಾ ರೋವೆಲ್, ಬರೆಯೋರಲ್ಲಿ ಕಪ್ಪು ಜನ ಬೇಕು, ನಮ್ಮ ಕೂದಲು ಬಾಚೋಕೆ ಬರೋರು ಬೇಕು ಅಂತ ಕೇಳ್ತಾನೇ ಇದ್ರು. 2007ರಲ್ಲಿ ಸೀರಿಯಲ್ ಬಿಟ್ರು, ವಾಪಸ್ ಕರೀದೇ ಇದ್ದಿದ್ದು ಬಾಯಿಬಿಟ್ಟಿದ್ದಕ್ಕೇ ಅಂತ 2015ರಲ್ಲಿ ಕೋರ್ಟಿಗೂ ಹೋದ್ರು. ಕೂದಲು ಬಾಚೋದು ಸಣ್ಣ ವಿಷ್ಯ ಅನ್ಸುತ್ತೆ, ಆದ್ರೆ ಬೆಳಿಗ್ಗೆ ಶೂಟಿಂಗಿಗೆ ಹೋದ್ರೆ ಮೇಕಪ್ ರೂಮಲ್ಲಿ ನಿಮ್ಮ ತಲೆ ಮುಟ್ಟೋಕೆ ಯಾರಿಗೂ ಗೊತ್ತಿಲ್ಲ ಅಂದ್ರೆ ಆ ಜಾಗ ನಿಮ್ಮದಲ್ಲ ಅಂತ ಬೇರೆ ಹೇಳ್ಬೇಕಾ?

‘ಬಿಯಾಂಡ್ ದಿ ಗೇಟ್ಸ್’ ಶುರುವಾಗಿದ್ದು 2025ರ ಫೆಬ್ರವರಿ 24ಕ್ಕೆ, ಅಲ್ಲಿನ ದೊಡ್ಡ ಚಾನೆಲ್‌ಗಳಲ್ಲಿ 1999ರ ಆಮೇಲೆ ಬಂದ ಮೊದಲ ಹೊಸ ಹಗಲು ಸೀರಿಯಲ್ಲು. ಹುಟ್ಟುಹಾಕಿದ್ದು ಮಿಶೆಲ್ ವಾಲ್ ಜೀನ್ ಅನ್ನೋ ಕಪ್ಪು ಬರಹಗಾರ್ತಿ, ಬೇಗ ಮುಚ್ಚಿದ್ರಲ್ಲ ಆ ‘ಜನರೇಷನ್ಸ್’, ಅದಕ್ಕೆ ಬರೆದಿದ್ದೋರೇ. ಅಲ್ಲಿಂದ ಇಲ್ಲಿಗೆ ಮೂವತ್ತೈದು ವರ್ಷ ಹತ್ರ.

ಇನ್ನೊಮ್ಮೆ ಸುದ್ದಿ ಹಾಕೋದಾದ್ರೆ ಇದೆಲ್ಲಾ ಹಾಕಿ, ಜಾಗ ಇಲ್ದಿದ್ರೆ ಆ ‘ಬರೀ’ ಒಂದನ್ನ ತೆಗೆದುಬಿಡಿ. ಈಗ ಊರಿಗೆ ಬಂದಾಗಿದೆ, ಭಾನುವಾರ ಮಗಳು ಫೋನ್ ಮಾಡಿದಾಗ ಮೊಮ್ಮಗನ ಹಲ್ಲು ಎಷ್ಟು ಬಂತು ಅಂತ ಕೇಳಿ, ಆಮೇಲೆ ಡುಪ್ರೀ ಮನೇಲಿ ಈ ವಾರ ಯಾರ್ ಯಾರಿಗೆ ಜಗಳ ಅಂತ ಕೇಳ್ತೀನಿ.

ಇಂತಿ,
ನಿಮ್ಮ ಹಳೇ ಓದುಗಿ,
ಹಾಸನ