ಹದಿನೇಳನೇ ಮೆಷಿನ್ ಕೂಗೋದು ನಿಂತಿದೆ

ಅಂತೂ ಇಂತೂ ಮುಗಿಯಿತು. ಮಂಡ್ಯದ ನಮ್ಮ ಕಾಲೇಜಿನ ಎರಡೂ ಕಂಪ್ಯೂಟರ್ ಲ್ಯಾಬುಗಳಲ್ಲಿ ಈಗ ಒಂದು ಬಿಟ್ಟು ಎಲ್ಲ ಮೆಷಿನ್ ಓಡುತ್ತಿವೆ. ಬಿಸಿಎ ಪ್ರಾಕ್ಟಿಕಲ್ ಪರೀಕ್ಷೆಯೂ ಅವುಗಳ ಮೇಲೆಯೇ ನಡೆದುಹೋಯಿತು.

ನನ್ನ ಸ್ಟೇಟಸ್‌ನಲ್ಲಿ ದಿನಾ ಗೋಳು ಓದಿದವರಿಗೆ ಕಥೆ ಮತ್ತೆ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ಸಾಕು. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ನಿನಿಂದ ಈಚಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪೂ ಬೇಕು. ನಮ್ಮವು ಹೆಚ್ಚಿನವು ನಾಲ್ಕನೇ ಜನರೇಷನ್ನಿನವು. ಎಲ್ಲವನ್ನೂ ಎಸೆದು ಹೊಸದು ತರುವಷ್ಟು ದುಡ್ಡು ಯಾರ ಹತ್ತಿರ ಇದೆ? ಅದಕ್ಕೇ ಹಳೇ ಹಾರ್ಡ್ ಡಿಸ್ಕ್ ಕಿತ್ತು ಅದಕ್ಕಿಂತ ಬೇಗ ಓಡುವ ಎಸ್‌ಎಸ್‌ಡಿ ಹಾಕಿದೆವು. ನಾಲ್ಕು ಜಿಬಿ ಇದ್ದ ರ‍್ಯಾಮ್ ಎಂಟಾಯಿತು. ಮೇಲೆ ವಿಂಡೋಸ್ ಬದಲು ಉಬುಂಟು 24.04. ಅದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ, ಲೈಸೆನ್ಸಿಗೆ ಪೈಸೆ ಕೊಡಬೇಕಿಲ್ಲ. ಸಿ, ಜಾವಾ, ಪೈಥಾನ್ ಪ್ರೋಗ್ರಾಮಿಂಗ್ ಎಲ್ಲ ಅದರಲ್ಲೇ ನಡೆಯುತ್ತವೆ. ಲೆಕ್ಕಪತ್ರದ ಟ್ಯಾಲಿಗೆ ಮಾತ್ರ ವಿಂಡೋಸೇ ಆಗಬೇಕು, ಹಾಗಾಗಿ ಕಾಮರ್ಸಿನ ಮಕ್ಕಳಿಗೆ ಅಂತ ಹೊಸ ಮೆಷಿನ್ನುಗಳ ಒಂದು ಸಾಲು.

ಎಸ್‌ಎಸ್‌ಡಿಗೆ ದುಡ್ಡು ಹಾಕಿದ ಹಳೇ ವಿದ್ಯಾರ್ಥಿಗಳು, ಸಹಿ ಹಾಕಲು ಒಂದು ದಿನವೂ ಸತಾಯಿಸದ ಪ್ರಿನ್ಸಿಪಾಲರು, ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಿಂದ ರೈಲಿನಲ್ಲಿ ಮೂಟೆ ಹೊತ್ತು ತಂದ ಕೊನೇ ವರ್ಷದ ಹುಡುಗರು, ಮೈಸೂರಿನಲ್ಲಿ ಕೂತು ಫೋನಿನಲ್ಲೇ ದಾರಿ ತೋರಿಸಿದ ಗೆಳತಿ, ಎಲ್ಲರಿಗೂ ಥ್ಯಾಂಕ್ಸ್. ಆಫೀಸಿನ ಟೈಪಿಸ್ಟ್ ಮೇಡಂಗೆ ಇನ್ನೊಂದು ಸಾಲು ಜಾಸ್ತಿ. ಹಳೇ ನುಡಿ ಫಾಂಟಿನ ಪತ್ರಗಳನ್ನು ಹೊಸ ಮೆಷಿನ್ನಿನಲ್ಲಿ ತೆರೆದಾಗ ಕನ್ನಡದ ಬದಲು ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರಗಳು ಕಂಡವು. ಅವರು ಗಾಬರಿಯಾಗಲಿಲ್ಲ. ಒಂದೊಂದೇ ಫೈಲನ್ನು ಎಲ್ಲ ಕಂಪ್ಯೂಟರಿನಲ್ಲೂ ಕಾಣುವ ಯೂನಿಕೋಡಿಗೆ ತಿರುಗಿಸಿಕೊಂಡರು. ಉಬುಂಟುವಿನಲ್ಲೂ ಅವರಿಗೆ ಅಭ್ಯಾಸವಿದ್ದ ಕಗಪ ಕೀಲಿಮಣೆ ಇದೆ ಅಂತ ತೋರಿಸಿದ ಮೇಲೆ ಅವರ ಬೆರಳು ಮೊದಲಿನ ಹಾಗೇ ಓಡಿದವು.

ಈಗ ಅಕ್ಕನ ವಿಷಯ.

ಅಕ್ಕ ನಮ್ಮ ಲ್ಯಾಬಿನ ಅಟೆಂಡರ್, ಹೊರಗುತ್ತಿಗೆಯವರು. ಹೆಸರು ಬರೆಯೋಣ ಅಂತಿದ್ದೆ. "ಬ್ಯಾಡಿ ಮೇಡಂ, ರಾತ್ರಿ ಹೊತ್ತು ನಿಂಗೇನ್ ಕೆಲ್ಸ ಇತ್ತಲ್ಲಿ ಅಂತ ಏಜೆನ್ಸಿಯೋರು ಕೇಳ್ತಾರೆ" ಅಂದರು. ಸರಿ, ಅಕ್ಕ ಅಂತಲೇ ಇರಲಿ.

ಪರೀಕ್ಷೆಯ ಹಿಂದಿನ ಸಂಜೆ ಎಲ್ಲ ಮೆಷಿನ್ ಸರಿಯಾಗಿದ್ದವು. ಏಳು ಗಂಟೆಗೆ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಬಂತು. ಯುಪಿಎಸ್ ಬ್ಯಾಟರಿ ಯಾವಾಗಲೋ ಸತ್ತಿದ್ದವು. ಕೊನೆಗೆ ಕರೆಂಟು ಸರಿಯಾಗಿ ಬಂದ ಮೇಲೆ ನೋಡಿದರೆ ಹಿಂದಿನ ಎರಡು ಸಾಲು ಏಳಲೇ ಇಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಮಕ್ಕಳು ಬಂದು ಕೂರಬೇಕು. ಹೆಣ್ಣುಮಗಳು ಒಬ್ಬಳೇ ರಾತ್ರಿ ಲ್ಯಾಬಿನಲ್ಲಿ ಇರುವಂತಿಲ್ಲ ಅಂತ ಪ್ರಿನ್ಸಿಪಾಲರು ಹೇಳಿದರು, ಅದೂ ಸರಿಯೇ. ಅಕ್ಕ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡು, "ನಾನಿರ್ತೀನಿ ಬುಡಿ ಸಾ" ಅಂದರು. ಮನೆಗೆ ಹೋಗಿ ಮುದ್ದೆ, ಉಪ್ಸಾರು ಕಟ್ಟಿಸಿಕೊಂಡು ವಾಪಸ್ ಬಂದರು.

ಬರುವಾಗ ಬೀರುವಿನಿಂದ ಒಂದು ನೋಟ್‌ಬುಕ್ಕನ್ನೂ ತೆಗೆದುಕೊಂಡು ಬಂದರು. ಹಳೇ ಹಾಜರಿ ಪುಸ್ತಕ, ಹಿಂಬದಿಯ ಹಾಳೆಗಳಲ್ಲಿ ನೀಲಿ ಪೆನ್ನಿನ ದಪ್ಪಕ್ಷರ. ಬೆಳಿಗ್ಗೆ ಕಸ ಗುಡಿಸಿ ಎಲ್ಲ ಮೆಷಿನ್ ಆನ್ ಮಾಡುವುದು ಅವರ ಕೆಲಸ. ಆಗ ಕಂಡದ್ದನ್ನು ಬರೆದಿಟ್ಟಿದ್ದರು. "7 ತಾರೀಕು ತಪ್ಪು, ಎಫ್ ಒಂದು ಒತ್ತು ಅಂತದೆ." "17 ಕೂಗ್ತದೆ, ನಿಲ್ಸಲ್ಲ." "22 ಸದ್ದೇ ಇಲ್ಲ, ಎರಡ್ನೇ ಸಲಕ್ಕೆ ಬತ್ತು." "9 ಸುಟ್ಟ ವಾಸ್ನೆ." ಯಾರೂ ಬರಿ ಅಂತ ಹೇಳಿರಲಿಲ್ಲ. ಯಾರೂ ಓದಿಯೂ ಇರಲಿಲ್ಲ.

ಆ ಪುಸ್ತಕ ಇಟ್ಟುಕೊಂಡು ಸತ್ತ ಮೆಷಿನ್ನುಗಳನ್ನು ಮೂರು ಗುಂಪು ಮಾಡಿದೆವು. ತಾರೀಕು ತಪ್ಪುತ್ತಿದ್ದವಕ್ಕೆ ಒಳಗಿನ ಬಿಲ್ಲೆ ಬ್ಯಾಟರಿ ಹೋಗಿತ್ತು. ಅದು ಹೋದರೆ ಕರೆಂಟು ಹೋದಾಗಲೆಲ್ಲ ಮೆಷಿನ್ ಶುರು ಮಾಡಿಸುವ ಬಯಾಸ್ ತನ್ನ ಸೆಟ್ಟಿಂಗ್ ಮರೆಯುತ್ತದೆ, ಯಾವ ಡಿಸ್ಕಿನಿಂದ ಶುರು ಮಾಡಬೇಕು ಅನ್ನುವುದನ್ನೂ ಸೇರಿಸಿ. ಕೂಗುವವಕ್ಕೆ ಹೆಚ್ಚಾಗಿ ರ‍್ಯಾಮ್ ತೊಂದರೆ. ಸದ್ದೇ ಇಲ್ಲದವಕ್ಕೆ ಒಳಗೆ ಕರೆಂಟು ಹಂಚುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್. ಬ್ಯಾಟರಿಗೆ ಅಕ್ಕನ ತಂಗಿ ಮಗ ಗುತ್ತಲು ರೋಡಿನ ತನ್ನ ವಾಚ್ ಅಂಗಡಿಯ ಷಟರ್ ಮತ್ತೆ ಎತ್ತಿ, ಸಿಆರ್ 2032 ಇದ್ದಷ್ಟನ್ನೂ ತಂದುಕೊಟ್ಟ. ಎಸ್‌ಎಂಪಿಎಸ್ ಸ್ಟೋರ್ ರೂಮಿನ ಹಳೇ ಡಬ್ಬಗಳಿಂದ ಬಿಚ್ಚಿದೆವು. ಯಾವುದು ಓಡುತ್ತಿದ್ದಾಗಲೇ ಒಳಗೆ ಹೋಯಿತು, ಯಾವುದು ಕೆಟ್ಟು ಹೋಯಿತು ಅಂತ ಅವರಿಗೆ ನೆನಪಿತ್ತು, ಸ್ಟಾಕ್ ರಿಜಿಸ್ಟರಿನಲ್ಲಿ ಅದಿಲ್ಲ.

ರ‍್ಯಾಮ್ ಒರೆಸುವ ಕೆಲಸ ಅಕ್ಕನೇ ಹಿಡಿದರು. ಒಂದು ಸಲ ತೋರಿಸಿದೆ: ಮೊದಲು ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಬೇಕು, ಅಂಚು ಹಿಡಿದು ಎತ್ತಬೇಕು, ಬಂಗಾರದ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಬೇಕು. ಆಮೇಲೆ ನಾನು ಆ ಕಡೆ ನೋಡಲೇ ಇಲ್ಲ. ಎರಡೂ ಕಡೆ ಉಜ್ಜಿ, ಪುಡಿ ಕೊಡವಿ, ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಟಕ್ ಅನ್ನುವವರೆಗೂ ಒತ್ತಿ ಕೂರಿಸುತ್ತಿದ್ದರು. ಹದಿನೇಳನೇ ಮೆಷಿನ್ ಸುಮ್ಮನಾಗಿ ಉಬುಂಟು ಬಂದಾಗ, "ಬಾಯ್ ಮುಚ್ಕಂಡ್ತು" ಅಂತ ಪುಸ್ತಕದಲ್ಲಿ ಅದರ ಮೇಲೆ ಗೆರೆ ಎಳೆದರು.

ಎರಡೂವರೆ ಹೊತ್ತಿಗೆ ನನ್ನ ಧೈರ್ಯ ಹೋಯಿತು. ಇನ್ನೂ ನಾಲ್ಕೈದು ಮೆಷಿನ್ ಬಾಕಿ. ನಾನೂ ಕಾಯಂ ಅಲ್ಲ, ವರ್ಷ ವರ್ಷ ಆರ್ಡರ್ ಬರಬೇಕು. ಪರೀಕ್ಷೆ ನಿಂತರೆ ಕರೆಂಟಿನ ಹೆಸರು ಯಾರು ಹೇಳುತ್ತಾರೆ? ನನ್ನ ಹೆಸರೇ ಹೇಳುತ್ತಾರೆ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಅತ್ತೆ. ಅಕ್ಕ ತಲೆ ಸವರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅತ್ಬುಡಿ. ಅತ್ತಾದ್ಮೇಲೆ ಈ ವೈರ್ ಎಲ್ಗೆ ಅಂತ ಹೇಳಿ" ಅಂದು ಕೇಬಲ್ ಹಿಡಿದುಕೊಂಡು ಕಾದರು. ಎಷ್ಟು ಹೊತ್ತು ಕಾದರೋ ಗೊತ್ತಿಲ್ಲ. ಕೊನೆಗೆ ನನಗೇ ನಗು ಬಂತು, ವೈರ್ ಎಲ್ಲಿಗೆ ಅಂತ ಹೇಳಿದೆ.

ಒಂಬತ್ತನೇದು ಏಳಲೇ ಇಲ್ಲ, ಸುಟ್ಟ ವಾಸನೆಯದು. ಉಳಿದವೆಲ್ಲ ಎದ್ದವು.

ಮೊನ್ನೆ ಕಾಲೇಜಿನಲ್ಲಿ ಸಣ್ಣ ಕಾರ್ಯಕ್ರಮ ಮಾಡಿ ನನಗೆ ಶಾಲು ಹೊದಿಸಿದರು. ಪ್ರೀತಿಯಿಂದಲೇ ಮಾಡಿದರು, ಇಲ್ಲ ಅನ್ನೋದಿಲ್ಲ. ಆಗ ಅಕ್ಕ ಹಿಂದೆ ಕುರ್ಚಿ ಎತ್ತಿಡುತ್ತಿದ್ದರು. ವೇದಿಕೆಯಲ್ಲಿ ಹೇಳೋಣ ಅಂದರೆ ಅವರು ದೂರದಿಂದಲೇ ಬೇಡ ಅಂತ ಕೈ ಆಡಿಸಿದರು. ನನಗಂತೂ ಅದು ಇವತ್ತಿಗೂ ಚುಚ್ಚುತ್ತಿದೆ. ಸಂಬಳ ಎರಡು ತಿಂಗಳಿಗೊಮ್ಮೆ ಬಂದರೂ ದಿನಾ ಮೆಷಿನ್ ಎದುರು ನಿಂತು ಏನಾಗಿದೆ ಅಂತ ನೋಡಿ ಬರೆದವರು ಅವರೊಬ್ಬರೇ. ಟೆಕ್ನಿಕಲ್ ಸ್ಟಾಫ್ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಒಂದು ಕೆಲಸ ಮಾತ್ರ ಆಗಿದೆ. ಲ್ಯಾಬಿನ ಮೇಜಿನ ಮೇಲೆ ಈಗ ದಪ್ಪ ರಟ್ಟಿನ ಹೊಸ ರಿಜಿಸ್ಟರ್ ಇದೆ. ಅಕ್ಕ ಬರೆಯುತ್ತಿದ್ದ ರೀತಿಯಲ್ಲೇ ಗೆರೆ ಹಾಕಿದ್ದೇವೆ: ಮೆಷಿನ್ ನಂಬರು, ಏನು ಕಂಡಿತು, ಏನು ಕೇಳಿಸಿತು. ಪ್ರತಿ ಶನಿವಾರ ನಾನು ಓದಿ ಸಹಿ ಹಾಕಬೇಕು ಅಂತ ಪ್ರಿನ್ಸಿಪಾಲರೇ ಬರೆದುಕೊಟ್ಟಿದ್ದಾರೆ.

ಇನ್ನೇನು ಬೇಕು ಅಂತ ತುಂಬಾ ಜನ ಕೇಳುತ್ತಿದ್ದೀರಿ. ಯುಪಿಎಸ್‌ಗೆ ಬ್ಯಾಟರಿ ಬೇಕು, ಬೇರೇನೂ ಬೇಡ. ಕೊಡುವವರು ಆಫೀಸಿಗೆ ಬಂದು ರಸೀದಿ ತಗೊಂಡು ಕೊಡಿ. ದಯವಿಟ್ಟು ನನ್ನ ಫೋನ್‌ಪೇಗೆ ಹಾಕಬೇಡಿ, ಲೆಕ್ಕ ಒಪ್ಪಿಸುವಷ್ಟರಲ್ಲಿ ಸಾಕಾಗುತ್ತದೆ.